ಗುರುತಿಲ್ಲದೋರಿಗೆ ಸಣ್ಣ ಸಹಾಯ: ಪದೇ ಪದೇ ಕೇಳೋ ಪ್ರಶ್ನೆಗಳು

ಅಪರಿಚಿತರಿಗೆ ಮಾಡೋ ಸಣ್ಣಪುಟ್ಟ ಉಪಕಾರದ ಬಗ್ಗೆ ಮಾತೆತ್ತಿದ್ರೆ ಸಾಕು, ಸುತ್ತಿ ಬಳಸಿ ಇವೇ ಪ್ರಶ್ನೆಗಳು ಬರ್ತವೆ, ಕೆಲವು ಕುತೂಹಲಕ್ಕೆ, ಕೆಲವು ಕಾಲೆಳೆಯಕ್ಕೆ. ಕೇಳಿದೋರ ಮಾತನ್ನ ಆದಷ್ಟು ಹಾಗೇ ಇಟ್ಟಿದೀನಿ. ಎಲ್ಲಿಂದ ಬೇಕಾದ್ರೂ ಓದ್ಬೋದು.

## ಮೊದಮೊದಲ ಪ್ರಶ್ನೆಗಳು

ಯಾರೋ ಏನೋ, ಅವ್ರಿಗೆ ಸಹಾಯ ಮಾಡಿದ್ರೆ ನಂಗೇನ್ ಸಿಗತ್ತೆ? ಸೀದಾ ಹೇಳಿ ಗುರು

ಸೀದಾ ಹೇಳ್ಬೇಕಂದ್ರೆ ಮನಸ್ಸು ಸ್ವಲ್ಪ ಹಗುರ ಆಗತ್ತೆ, ಅವತ್ತಿನ ದಿನ ಸ್ವಲ್ಪ ಚೆನ್ನಾಗಿ ಹೋಗತ್ತೆ. 2008ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯ ಎಲಿಜಬೆತ್ ಡನ್ ಮತ್ತೆ ಅವ್ರ ಜೊತೆಯೋರು 46 ಜನಕ್ಕೆ ಬೆಳಗ್ಗೆ ಕವರಲ್ಲಿ 5 ಡಾಲರೋ 20 ಡಾಲರೋ ಇಟ್ಟು ಕೊಟ್ರು, ಕೆಲವ್ರಿಗೆ ಸಾಯಂಕಾಲದೊಳಗೆ ನಿಮಗೋಸ್ಕರ ಖರ್ಚು ಮಾಡ್ಕೊಳಿ ಅಂದ್ರು, ಉಳಿದೋರಿಗೆ ಬೇರೆಯೋರಿಗೆ ಖರ್ಚು ಮಾಡಿ ಅಂದ್ರು. ಸಾಯಂಕಾಲ ವಿಚಾರಿಸಿದ್ರೆ ಬೇರೆಯೋರಿಗೆ ಖರ್ಚು ಮಾಡಿದೋರೇ ಜಾಸ್ತಿ ಖುಷಿಯಾಗಿದ್ರು, ಅದ್ರಲ್ಲೂ 5 ಡಾಲರ್ ಸಿಕ್ಕೋರಿಗೂ 20 ಡಾಲರ್ ಸಿಕ್ಕೋರಿಗೂ ವ್ಯತ್ಯಾಸವೇ ಕಾಣ್ಲಿಲ್ಲ. 46 ಜನ ಅಂದ್ರೆ ಸಣ್ಣ ಲೆಕ್ಕ, ಒಪ್ಕೋತೀನಿ, ಆದ್ರೆ ಆಮೇಲೆ ಬೇರೆ ಬೇರೆ ಕಡೆ ಮಾಡಿದ ಪ್ರಯೋಗಗಳನ್ನ ಒಟ್ಟು ಸೇರಿಸಿ ನೋಡಿದಾಗ್ಲೂ ಪರಿಣಾಮ ಇದೆ ಅಂತಲೇ ಬಂತು, ಭಾರೀ ಏನಲ್ಲ, ಸಣ್ಣದು ಮಧ್ಯಮದ ನಡುವೆ. ಅಂದ್ರೆ ಇದ್ರಿಂದ ಹೋಮ್ ಲೋನ್ ತೀರಲ್ಲ, ಬಿಪಿ ಮಾತ್ರೆ ಬಿಡಕ್ಕೂ ಆಗಲ್ಲ. ಜೀವನವೇ ಬದಲಾಗತ್ತೆ ಅಂತ ಮಾರೋರು ಸಿಕ್ರೆ ಅವ್ರನ್ನ ನಂಬ್ಬೇಡಿ.

ಸಣ್ಣ ಸಹಾಯ ಅಂದ್ರೆ ಎಷ್ಟು ಸಣ್ಣದು? ನಾಲ್ಕು ಉದಾಹರಣೆ ಕೊಡಿ

ನೀವು ದಿನಾ ಮಾಡ್ತಿರೋದೇ. ಸಿಗ್ನಲ್ ಬಿಟ್ಟ ತಕ್ಷಣ ಮುಂದಿನ ಬೈಕಿನೋನಿಗೆ "ಬಾಸ್, ಸೈಡ್ ಸ್ಟ್ಯಾಂಡ್!" ಅಂತ ಕೂಗ್ತೀವಲ್ಲ, ನನ್ ಪ್ರಕಾರ ಬೆಂಗಳೂರಿನ ಅತಿ ದೊಡ್ಡ ಸಮಾಜಸೇವೆ ಅದೇ, ಅವ್ನ ಮುಖ ನಾವು ನೋಡಿರಲ್ಲ ನಮ್ ಮುಖ ಅವ್ನು ನೋಡಿರಲ್ಲ, ಒಂದು ಕಾಲು ಹಿಂದಕ್ಕೆ ಹೋಗಿ ಸ್ಟ್ಯಾಂಡ್ ಮೇಲೆ ಹೋಗತ್ತೆ, ಒಂದು ಕೈ ಎತ್ತಾನೆ, ಮುಗೀತು. ಹಿಂದೆ ಕೂತಿರೋ ಅಕ್ಕನ ಸೀರೆ ಸೆರಗು ಚಕ್ರದ ಹತ್ರ ಹೋಗ್ತಿದ್ರೆ ಹಾರ್ನ್ ಹೊಡ್ದು ತೋರಿಸೋದೂ ಇದೇ ಜಾತಿ. (ಹಗಲಲ್ಲಿ ಹೆಡ್‌ಲೈಟ್ ಉರೀತಿದೆ ಅಂತ ಬೆರಳು ಮಡಚಿ ಬಿಚ್ಚಿ ಸನ್ನೆ ಮಾಡೋದು ಮಾತ್ರ ಈಗ ವೇಸ್ಟು, 2017ರ ಏಪ್ರಿಲ್‌ನಿಂದ ಹೊಸ ಟೂ ವೀಲರ್‌ಗಳಲ್ಲಿ ಲೈಟು ಯಾವಾಗ್ಲೂ ಆನ್ ಇರ್ಲೇಬೇಕು ಅಂತ ರೂಲ್ಸ್ ಬಂದಿದೆ. ಆದ್ರೂ ಹಳೇ ಜನ ಬಿಟ್ಟಿಲ್ಲ.)

ಇನ್ನೊಂದು ಬಸ್ಸಿನ ಚಿಲ್ಲರೆ ಪ್ರಸಂಗ. ಯುಪಿಐ ಬರಕ್ಕೆ ಮುಂಚೆ ಬಿಎಂಟಿಸೀಲಿ ಓಡಾಡಿದೋರಿಗೆ ಗೊತ್ತಿರತ್ತೆ, ಕಂಡಕ್ಟರು ಬಾಕಿ ದುಡ್ಡನ್ನ ಟಿಕೆಟ್ ಹಿಂದೆ ಬರ್ದು ಗೀಟು ಹಾಕಿ ಕೊಡೋರು, ಇಳಿಯೋ ಹೊತ್ತಿಗೆ ಕೇಳಿದ್ರೆ ಒಂದು ಇಪ್ಪತ್ತರ ನೋಟು ಕೈಗಿಟ್ಟು ಪಕ್ಕದಲ್ಲಿ ನಿಂತೋರನ್ನ ತೋರ್ಸಿ "ನೀವಿಬ್ರೂ ಹಂಚ್ಕೊಳಿ" ಅಂತ ಗಂಟು ಹಾಕ್ಬಿಡೋರು. ಒಂದ್ಸಲ ಹಿಂಗೇ ನಂಗೆ ಒಬ್ರು ವಯಸ್ಸಾದೋರು ಜೊತೆ ಆದ್ರು, ನೋಟು ಅವ್ರ ಕೈಲಿ, ಸ್ಟಾಪಲ್ಲಿ ಇಳಿದ್ರೆ ಅಂಗಡಿಯೋನು ಬರೀ ನೋಟು ಮುರಿಸಿ ಕೊಡಲ್ಲ ಅಂದ. ಅವ್ರು ಹತ್ತು ರೂಪಾಯಿಗೆ ಕಡ್ಲೆಕಾಯಿ ತಗೊಂಡು, ಉಳಿದ ಹತ್ತು ನಂಗೆ ಕೊಟ್ಟು, ಪೊಟ್ಟಣ ಬಿಚ್ಚಿ ಒಂದು ಹಿಡಿ ನನ್ ಕೈಗೂ ಸುರಿದ್ರು. "ಬಡ್ಡಿ" ಅಂದ್ರು. ಅವ್ರಿಗೂ ನಗು ನಂಗೂ ನಗು. ಇಷ್ಟೇ ಸಣ್ಣದು.

ಬಸ್ಸಲ್ಲಿ ನಿಂತಿರೋರ ಬ್ಯಾಗು ತೊಡೆ ಮೇಲೆ ಇಟ್ಕೊಳ್ಳೋದು, ಬ್ಯಾಂಕಲ್ಲಿ ಚಲನ್ ಬರೆಯಕ್ಕೆ ಪೆನ್ನು ಕೊಡೋದು (ಕ್ಯಾಪ್ ನೀವಿಟ್ಕೊಂಡು ಕೊಡಿ, ಪೆನ್ನು ವಾಪಸ್ ಬರತ್ತೆ), ಬಿಸಿಲಲ್ಲಿ ಬಂದ ಡೆಲಿವರಿ ಹುಡುಗನಿಗೆ ಒಂದು ಲೋಟ ನೀರು, ಇವೆಲ್ಲ ಲೆಕ್ಕಕ್ಕೆ ಬರತ್ತೆ.

ದುಡ್ಡು ಖರ್ಚು ಮಾಡ್ಲೇಬೇಕಾ?

ಬೇಡ. ಮೇಲೆ ಹೇಳಿದ್ರಲ್ಲಿ ಎಷ್ಟಕ್ಕೆ ದುಡ್ಡು ಬೇಕು ನೋಡಿ.

ನಾನು ಸಂಕೋಚದ ಪ್ರಾಣಿ. ಹೋಗಿ ಮಾತಾಡ್ಸಕ್ಕೇ ಮುಜುಗರ ಆಗತ್ತೆ, ಏನ್ ಮಾಡ್ಲಿ?

ಮುಜುಗರ ಎಲ್ರಿಗೂ ಆಗತ್ತೆ, ಆದ್ರೆ ಆ ಮುಜುಗರದ ಅಂದಾಜು ಹೆಚ್ಚುಕಮ್ಮಿ ಯಾವಾಗ್ಲೂ ತಪ್ಪೇ ಇರತ್ತೆ. ಚಿಕಾಗೋದಲ್ಲಿ ನಿಕೊಲಸ್ ಎಪ್ಲಿ ಮತ್ತೆ ಜೂಲಿಯಾನಾ ಶ್ರೋಡರ್ ಅನ್ನೋರು ರೈಲಲ್ಲಿ ದಿನಾ ಓಡಾಡೋರ ಮೇಲೆ ಒಂದು ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದ್ರು. ಕೆಲವ್ರಿಗೆ ಪಕ್ಕದೋರನ್ನ ಮಾತಾಡ್ಸಿ, ಕೆಲವ್ರಿಗೆ ಸುಮ್ನೆ ನಿಮ್ ಪಾಡಿಗೆ ನೀವು ಕೂತ್ಕೊಳಿ ಅಂದ್ರು. ಸುಮ್ನೆ ಕೇಳಿದಾಗ ಜನ ಮಾತಾಡ್ಸೋದೇ ಕಿರಿಕಿರಿ ಆಗತ್ತೆ ಅಂದಿದ್ರು, ನಿಜವಾಗ್ಲೂ ಮಾತಾಡ್ಸಿದೋರು ಮಾತ್ರ ಪ್ರಯಾಣ ಚೆನ್ನಾಗಿತ್ತು ಅಂದ್ರು. 2022ರಲ್ಲಿ ಅಮಿತ್ ಕುಮಾರ್ ಅನ್ನೋರ ಜೊತೆ ಇದೇ ಎಪ್ಲಿ ಇನ್ನೊಂದು ಮಾಡಿದ್ರು. ಚಳಿಗಾಲದಲ್ಲಿ ಐಸ್ ಸ್ಕೇಟಿಂಗ್ ಜಾಗದಲ್ಲಿ ಜನಕ್ಕೆ ಒಂದು ಕಪ್ ಬಿಸಿ ಚಾಕೊಲೇಟು, ನೀವೇ ಕುಡೀಬೋದು ಇಲ್ಲ ಗುರುತಿಲ್ಲದೋರಿಗೆ ಕೊಡ್ಬೋದು. ಕೊಟ್ಟೋರು "ಅವ್ರಿಗೆ ಇಷ್ಟು ಖುಷಿ ಆಗಿರತ್ತೆ" ಅಂತ ಅಂದಾಜು ಮಾಡಿದ್ದಕ್ಕಿಂತ ತಗೊಂಡೋರಿಗೆ ಜಾಸ್ತಿಯೇ ಖುಷಿ ಆಗಿತ್ತು. ಕೊಡೋರು ಕಪ್ಪಿನ ಬೆಲೆ ನೋಡ್ತಾರೆ, ತಗೊಳ್ಳೋರು "ಯಾರೋ ನನ್ನ ಗಮನಿಸಿದ್ರಲ್ಲ" ಅನ್ನೋದನ್ನ ನೋಡ್ತಾರೆ. ಇಡೀ ವಿಷಯದ ತಿರುಳು ಇದೇ ಅಂತ ನನ್ ಅಭಿಪ್ರಾಯ.

ಬಾಯಿ ಬರಲ್ಲ ಅಂದ್ರೆ ಚಿಕ್ಕ ಮಾತು ರೆಡಿ ಇಟ್ಕೊಳಿ. "ಅಜ್ಜಿ, ಚೀಲ ಹಿಡ್ಕೊಳ್ಲಾ?" "ಅಣ್ಣ, ಯಾವ್ ಬಸ್ ಕಾಯ್ತಿದೀರ?" "ಯಜಮಾನ್ರೇ, ನಿಮ್ ಟೋಕನ್ ಕರೀತಿದಾರೆ." ಪೀಠಿಕೆ ಬೇಡ.

ಕೇಳಿದ್ಮೇಲೆ ಅವ್ರು "ಬೇಡ" ಅಂದ್ಬಿಟ್ರೆ ಅವಮಾನ ಅಲ್ವಾ?

"ಸರಿ" ಅಂದು ಮುಂದೆ ಹೋಗಿ. ಅವ್ರಿಗೆ ಬೇಡ ಅನ್ನೋ ಹಕ್ಕಿದೆ. ಗಾಲಿಕುರ್ಚಿಯಲ್ಲಿರೋರನ್ನ ಕೇಳದೆ ತಳ್ಳೋದು, ಕಣ್ಣು ಕಾಣದೋರ ಕೈ ಹಿಡಿದು ರಸ್ತೆ ದಾಟಿಸೇಬಿಡೋದು ಸಹಾಯ ಅಲ್ಲ, ದಬ್ಬಾಳಿಕೆ. ಮೊದ್ಲು ಕೇಳಿ, ಅವ್ರು ಹ್ಞೂ ಅಂದ್ರೆ ನಿಮ್ ಮೊಣಕೈ ಕೊಡಿ, ಅವ್ರೇ ಹಿಡ್ಕೊಂಡು ಬರ್ತಾರೆ. ಅಷ್ಟಕ್ಕೂ ಅವ್ರು ಆ ಕಡೆ ಹೋಗ್ಬೇಕಾಗಿಯೇ ಇರ್ಲಿಲ್ಲ ಅಂದ್ರೆ?

## ಭಯ, ಅನುಮಾನ, ಕಾನೂನು

ಮೆಜೆಸ್ಟಿಕ್ಕಲ್ಲಿ "ಪರ್ಸ್ ಕಳ್ದೋಯ್ತು, ಊರಿಗೆ ಹೋಗಕ್ಕೆ ಬಸ್ ಚಾರ್ಜ್ ಇಲ್ಲ" ಅಂತಾರಲ್ಲ, ಕೊಡ್ಬೇಕಾ? ಎಲ್ಲಾ ಡ್ರಾಮಾ ಅಲ್ವಾ?

ಕೆಲವು ಡ್ರಾಮಾನೇ, ಎಲ್ಲಾ ಅಲ್ಲ, ಮತ್ತೆ ಮುಖ ನೋಡಿ ಕಂಡುಹಿಡೀತೀನಿ ಅನ್ನೋದು ಸುಳ್ಳು. ನನ್ನ ರೂಲ್ಸ್ ಏನಂದ್ರೆ ದುಡ್ಡು ಕೊಡಲ್ಲ, ಬೇಕಿರೋ ವಸ್ತು ಕೊಡ್ತೀನಿ. ಹಸಿವು ಅಂದ್ರೆ ಪಕ್ಕದ ದರ್ಶಿನೀಲಿ ಒಂದು ಪ್ಲೇಟ್ ಇಡ್ಲಿ, ಊರು ಅಂದ್ರೆ ಆ ಬಸ್ಸಿನ ಹತ್ರ ಹೋಗಿ ಟಿಕೆಟ್. ಬರಲ್ಲ ಅಂದ್ರೆ ಉತ್ತರ ಸಿಕ್ತು. ಹೆಂಗಸರಾದ್ರೆ 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿಗೆ ಚಾರ್ಜೇ ಇಲ್ಲ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರ್ಸಿದ್ರೆ ಆಯ್ತು, ಆದ್ರೆ ಪರ್ಸ್ ಜೊತೆ ಅದೂ ಹೋಗಿರ್ಬೋದು, ಅಲ್ಲಿ ಪೊಲೀಸ್ ಥರ ವಿಚಾರಣೆ ಮಾಡ್ತಾ ನಿಲ್ಬೇಡಿ. ಒಂದೆರಡು ಸಲ ಮೋಸ ಹೋದ್ರೂ ಐವತ್ತು ರೂಪಾಯಿ ಹೋಗತ್ತೆ. ಆ ಐವತ್ತು ಉಳಿಸಕ್ಕೆ ಜನ್ಮವಿಡೀ ಎಲ್ರನ್ನೂ ಕಳ್ರ ಥರ ನೋಡೋದು ತುಂಬಾ ದುಬಾರಿ ಆಯ್ತು.

ಫೋನ್ ಕೇಳ್ತಾರೆ, ಎಟಿಎಂ ಹತ್ರ ಸಹಾಯ ಕೇಳ್ತಾರೆ. ದಾರೀಲಿ ಹೋಗೋ ಮಾರಿನ ಮನೆಗೆ ಕರ್ದಂಗೆ ಆಗಲ್ವಾ?

ಇಲ್ಲಿ ಹುಷಾರಾಗಿರ್ಲೇಬೇಕು. ಫೋನು ಕೈಗೆ ಕೊಡ್ಬೇಡಿ, ನಂಬರ್ ಕೇಳಿ ನೀವೇ ಡಯಲ್ ಮಾಡಿ, ಸ್ಪೀಕರಲ್ಲಿ ಹಾಕಿ ನೀವೇ ಹಿಡ್ಕೊಳಿ. ಸ್ಟಾರ್ ಅಥವಾ ಹ್ಯಾಶ್ ಇರೋ ನಂಬರ್ ಒತ್ತಿ ಅಂದ್ರೆ ಒತ್ಲೇಬೇಡಿ, ನಿಮಗೆ ಬರೋ ಫೋನ್ ಕರೆಗಳನ್ನ ಬೇರೆ ಕಡೆ ತಿರುಗಿಸಿಕೊಂಡು ಓಟಿಪಿ ಕದಿಯೋ ದಾರಿ ಅದು. ಎಟಿಎಮ್ಮಲ್ಲಿ ಬೇರೆಯೋರ ಕಾರ್ಡ್ ಮುಟ್ಬೇಡಿ, ಪಿನ್ ಹೇಳಕ್ಕೆ ಬಂದ್ರೆ ನೀವೇ ತಡೀರಿ, "ಅಮ್ಮ, ಇದನ್ನ ಯಾರಿಗೂ ಹೇಳ್ಬಾರ್ದು, ಒಳಗೆ ಹೋಗಿ ಬ್ಯಾಂಕಿನೋರನ್ನ ಕೇಳೋಣ ಬನ್ನಿ" ಅಂತ ಕೌಂಟರ್ ತನಕ ಬಿಟ್ಟು ಬನ್ನಿ, ಅದೇ ಅವತ್ತಿನ ಸಹಾಯ.

ನಾನು ಹುಡುಗಿ. ಒಂದು ನಗು ನಕ್ರೆ ಸಾಕು ತಪ್ಪು ತಿಳ್ಕೊಂಡು ಹಿಂದೆ ಬೀಳ್ತಾರೆ. ಈ ಉಪದೇಶ ಎಲ್ಲ ಗಂಡಸ್ರಿಗೆ ಮಾತ್ರಾನಾ?

ನಿಮ್ ಮಾತು ನಿಜ, ಇದನ್ನ ಎರಡು ಸಾಲಲ್ಲಿ ತೇಲಿಸಿಬಿಡಕ್ಕಾಗಲ್ಲ. ಎಲ್ರಿಗೂ ನಗ್ಬೇಕು ಅಂತ ಯಾವ ರೂಲ್ಸೂ ಇಲ್ಲ, ಮನಸ್ಸು ಬೇಡ ಅಂದ್ರೆ ಬೇಡ. ಲೇಡೀಸ್ ಸೀಟ್ ಕಡೆ, ಆಸ್ಪತ್ರೆ ಕ್ಯೂ, ಮಕ್ಕಳನ್ನ ಎತ್ಕೊಂಡಿರೋ ತಾಯಂದಿರು, ವಯಸ್ಸಾದೋರು, ಇವ್ರ ಹತ್ರ ಶುರು ಮಾಡೋರು ಜಾಸ್ತಿ. ಜನ ಇರೋ ಜಾಗ, ಹಗಲು ಹೊತ್ತು. ಒಂಟಿ ರಸ್ತೇಲಿ ಯಾರೋ ಕೈ ಅಡ್ಡ ಹಾಕಿದ್ರೆ ಗಾಡಿ ನಿಲ್ಸದೆ ಮುಂದೆ ಹೋಗಿ 112ಕ್ಕೆ ಫೋನ್ ಮಾಡಿ ಇಂಥ ಕಡೆ ಯಾರಿಗೋ ಸಹಾಯ ಬೇಕಂತೆ ಅನ್ನಿ, ಅದೂ ಸಹಾಯವೇ.

ಇನ್ನು ಇದೇ ಪ್ರಶ್ನೆ ಉಲ್ಟಾ ಕೇಳೋ ಗಂಡಸ್ರಿಗೆ: ರಾತ್ರಿ ಹೊತ್ತು ಗಾಡಿ ಕೆಟ್ಟು ನಿಂತಿರೋ ಹೆಣ್ಣುಮಗಳಿಗೆ ಸಹಾಯ ಮಾಡ್ಬೇಕಂದ್ರೆ ಹಿಂದಿನಿಂದ ಹೋಗ್ಬೇಡಿ, ದೂರ ನಿಂತು ಒಂದೇ ಸಲ ಕೇಳಿ, ಬೇಡ ಅಂದ್ರೆ ಹೊರಡಿ. ನಂಬರ್ ಕೇಳ್ಬೇಡಿ, ಆಮೇಲೆ "ಮನೆ ಸೇರಿದ್ರಾ" ಅಂತ ಮೆಸೇಜ್ ಮಾಡೋ ಆಸೆಯಂತೂ ಬೇಡವೇ ಬೇಡ.

ಆಕ್ಸಿಡೆಂಟ್ ಆದೋರನ್ನ ಆಸ್ಪತ್ರೆಗೆ ಸೇರಿಸಿದ್ರೆ ಪೊಲೀಸ್ ಕೇಸಲ್ಲಿ ಸಿಗಾಕೊಂಡು ಕೋರ್ಟ್ ಅಲೀಬೇಕು ಅಂತಾರೆ. ನಿಜಾನಾ?

ಹಳೇ ಕಾಲದ ಭಯ, ಈಗ ಕಾನೂನು ನಿಮ್ ಕಡೆಗಿದೆ. 2016ರ ಮಾರ್ಚ್ 30ಕ್ಕೆ ಸುಪ್ರೀಂ ಕೋರ್ಟು ಇಂಥ ಸಹಾಯ ಮಾಡೋರನ್ನ ಕಾಪಾಡೋ ಮಾರ್ಗಸೂಚಿಗೆ ಒಪ್ಪಿಗೆ ಕೊಡ್ತು. ಕರ್ನಾಟಕ ತನ್ನದೇ ಕಾಯ್ದೆ ಮಾಡ್ಕೊಂಡ್ತು, 2016ರ ಕಾಯ್ದೆ, ರಾಷ್ಟ್ರಪತಿ ಅಂಕಿತ ಬಿದ್ದಿದ್ದು 2018ರಲ್ಲಿ. 2019ರ ತಿದ್ದುಪಡೀಲಿ ಮೋಟಾರು ವಾಹನ ಕಾಯ್ದೆಗೇ 134ಎ ಅನ್ನೋ ಕಲಂ ಸೇರ್ತು. ಒಟ್ಟಾರೆ ಅರ್ಥ ಏನಂದ್ರೆ ಒಳ್ಳೆ ಮನಸ್ಸಿಂದ ಸಹಾಯ ಮಾಡೋವಾಗ ಏನೋ ಹೆಚ್ಚುಕಮ್ಮಿ ಆಗಿ ಗಾಯಾಳುಗೆ ತೊಂದ್ರೆ ಆದ್ರೂ ನಿಮ್ ಮೇಲೆ ಸಿವಿಲ್ ಆಗ್ಲಿ ಕ್ರಿಮಿನಲ್ ಆಗ್ಲಿ ಕೇಸಿಲ್ಲ, ಹೆಸರು ಫೋನ್ ನಂಬರ್ ಕೊಡಿ ಅಂತ ಬಲವಂತ ಮಾಡಂಗಿಲ್ಲ, ಆಸ್ಪತ್ರೆಯೋರು ಅಡ್ವಾನ್ಸ್ ಕಟ್ಟಿ ಅಂತ ನಿಮ್ಮನ್ನ ಹಿಡಿದಿಟ್ಕೊಳ್ಳಂಗಿಲ್ಲ. ಸಾಕ್ಷಿ ಹೇಳ್ಬೇಕಾ ಬೇಡ್ವಾ ನಿಮ್ ಇಷ್ಟ. ತೀವ್ರವಾಗಿ ಗಾಯ ಆದೋರನ್ನ ಮೊದಲ ಒಂದು ಗಂಟೆಯೊಳಗೆ ಸೇರಿಸಿದೋರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಅಂತ ಇಟ್ಟಿತ್ತು, 2025ರಲ್ಲಿ ಅದನ್ನ 25,000 ಮಾಡಿದೆ.

ಎಲ್ರೂ ಗಾಯಾಳುನ ಎತ್ಕೊಂಡು ಓಡ್ಬೇಕು ಅಂತೇನಿಲ್ಲ, ಬೆನ್ನಿಗೋ ಕತ್ತಿಗೋ ಪೆಟ್ಟಾಗಿದ್ರೆ ಅಡ್ಡಾದಿಡ್ಡಿ ಎತ್ತೋದೇ ಅಪಾಯ. 108ಕ್ಕೆ ಕರೆ ಮಾಡಿ, ಪಕ್ಕದ ಅಂಗಡಿ ಬೋರ್ಡಿನ ಹೆಸರೋ ಮೆಟ್ರೋ ಕಂಬದ ನಂಬರೋ ನೋಡಿ ಹೇಳಿ, ಆಂಬುಲೆನ್ಸ್ ಬರೋ ತನಕ ಟ್ರಾಫಿಕ್ಕನ್ನ ಪಕ್ಕಕ್ಕೆ ಕಳಿಸ್ತಾ ಇರಿ. ಪ್ರಜ್ಞೆ ಇಲ್ದೋರ ಬಾಯಿಗೆ ನೀರು ಹಾಕ್ಬೇಡಿ, ನಮ್ ಜನ ಮೊದ್ಲು ಮಾಡೋದೇ ಅದು.

ಅಷ್ಟು ಜನ ನಿಂತು ನೋಡ್ತಿರ್ತಾರೆ, ಒಬ್ರೂ ಮುಂದೆ ಬರಲ್ಲ. ಜನಕ್ಕೆ ಕರುಣೆ ಸತ್ತೋಗಿದ್ಯಾ?

ಗುಂಪು ದೊಡ್ಡದಿರೋದೇ ಕಾರಣ. 1968ರಲ್ಲಿ ಜಾನ್ ಡಾರ್ಲಿ ಮತ್ತೆ ಬಿಬ್ ಲಟಾನೆ ಮಾಡಿದ ಪ್ರಯೋಗದಲ್ಲಿ ಮೈಕಲ್ಲಿ ಯಾರೋ ಫಿಟ್ಸ್ ಬಂದು ಒದ್ದಾಡೋ ಸದ್ದು ಕೇಳಿಸ್ತು, ಕೇಳಿಸ್ಕೊಳ್ತಿರೋದು ನಾನೊಬ್ನೇ ಅಂದ್ಕೊಂಡೋರಲ್ಲಿ 100ಕ್ಕೆ 85 ಜನ ಅವ್ರು ಒದ್ದಾಡ್ತಿರೋವಾಗ್ಲೇ ಹೋಗಿ ತಿಳಿಸಿದ್ರು, ಇನ್ನೂ ನಾಲ್ಕು ಜನ ಕೇಳಿಸ್ಕೊಳ್ತಿದಾರೆ ಅಂದ್ಕೊಂಡೋರಲ್ಲಿ 31 ಜನ. "ಯಾರಾದ್ರೂ ಫೋನ್ ಮಾಡಿರ್ತಾರೆ ಬಿಡು" ಅಂತ ಎಲ್ರೂ ಅಂದ್ಕೋತಾರೆ. ಮದ್ದು ಸುಲಭ, ಗುಂಪಿಗೆ ಕೂಗ್ಬೇಡಿ, ಒಬ್ರನ್ನ ಬೆರಳು ಮಾಡಿ ಕರೀರಿ: "ಕೆಂಪು ಶರ್ಟ್ ಅಣ್ಣ, ನೀವು 108ಕ್ಕೆ ಫೋನ್ ಮಾಡಿ. ಅಕ್ಕ, ನೀವು ನೀರಿನ ಬಾಟ್ಲು ಕೊಡಿ." ಹೆಸರಿಟ್ಟು ಕೆಲಸ ಹಚ್ಚಿದ್ರೆ ಅದೇ ಜನ ಪಟಪಟ ಓಡಾಡ್ತಾರೆ.

ಎರಡನೇ ಕಾರಣ ಅವಸರ. 1973ರ ಇನ್ನೊಂದು ಪ್ರಯೋಗ, ಅಮೆರಿಕದ ಪ್ರಿನ್ಸ್‌ಟನ್ನಲ್ಲಿ ಪಾದ್ರಿ ಆಗಕ್ಕೆ ಓದ್ತಿದ್ದ ಹುಡುಗ್ರು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡ್ಬೇಕಿತ್ತು, ಕೆಲವ್ರ ಭಾಷಣದ ವಿಷಯವೇ ದಾರೀಲಿ ಬಿದ್ದೋನಿಗೆ ಸಹಾಯ ಮಾಡಿದ ಬೈಬಲ್ ಕಥೆ. ದಾರೀಲಿ ಒಬ್ಬ ಕೆಮ್ತಾ ಕುಸಿದು ಕೂತಿದ್ದ. ಟೈಮಿದೆ ಅಂತ ಹೋದೋರಲ್ಲಿ 100ಕ್ಕೆ 63 ಜನ ನಿಂತ್ರು, ಲೇಟಾಯ್ತು ಓಡಿ ಅಂತ ಕಳಿಸಿದೋರಲ್ಲಿ ಬರೀ 10. ಭಾಷಣದ ವಿಷಯ ಯಾವ್ದು ಅನ್ನೋದ್ರಿಂದ ಅಂಥಾ ವ್ಯತ್ಯಾಸ ಏನೂ ಆಗ್ಲಿಲ್ಲ. ಹತ್ತು ನಿಮಿಷ ಮುಂಚೆ ಮನೆ ಬಿಡೋದು ನೂರು ಪ್ರವಚನಕ್ಕಿಂತ ಮೇಲು ಅಂತ ನಾನು ಹೇಳೋದು ಇದಕ್ಕೇ.

## ಸ್ವಲ್ಪ ಒಳಗಿಳಿದೋರ ಪ್ರಶ್ನೆಗಳು

ಇವೆಲ್ಲ ಫಾರಿನ್ನೋರ ಲ್ಯಾಬ್ ಕಥೆ. ನಮ್ಮೂರಿಗೂ ಇದಕ್ಕೂ ಏನ್ ಸಂಬಂಧ?

ಪ್ರಯೋಗ ಅವ್ರದ್ದು, ರೂಢಿ ನಮ್ಮದು. ಬೇಸಿಗೆ ಬಂದ್ರೆ ಸಾಕು ಊರೂರಲ್ಲಿ ರಸ್ತೆ ಬದೀಲಿ ಅರವಟ್ಟಿಗೆ ಇಡ್ತಿದ್ರು, ಈಗ್ಲೂ ಕೆಲವು ಕಡೆ ಇಡ್ತಾರೆ, ತೆಂಗಿನ ಗರಿ ಚಪ್ಪರದ ಕೆಳಗೆ ಮರಳು ಹಾಸಿ ಅದ್ರ ಮೇಲೆ ಮಣ್ಣಿನ ಗಡಿಗೆ, ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ನೀರು, ಅನುಕೂಲ ಇದ್ದೋರು ನೀರುಮಜ್ಜಿಗೆ. ಶಾಸನಗಳಲ್ಲೂ ಅರವಟ್ಟಿಗೆಗೆ ಅಂತ ದತ್ತಿ ಬಿಟ್ಟ ಮಾತು ಬರತ್ತೆ, ಅಂದ್ರೆ ದಾರಿಹೋಕನ ಬಾಯಾರಿಕೆಗೆ ಅವಾಗ್ಲೇ ಬಜೆಟ್ ಇತ್ತು. ದಾರಿ ಮಧ್ಯೆ ಎದೆಮಟ್ಟಕ್ಕೆ ಕಲ್ಲು ಚಪ್ಪಡಿ ನಿಲ್ಸಿರ್ತಿದ್ರು, ತಲೆಹೊರೆ ಹೊತ್ತೋರು ಇನ್ನೊಬ್ರ ಕೈ ಇಲ್ದೆ ಹೊರೆ ಇಳಿಸಿ, ಸುಧಾರಿಸ್ಕೊಂಡು, ಮತ್ತೆ ಹೊತ್ಕೊಂಡು ಹೋಗಕ್ಕೆ. ಅದು ನಂಗೆ ತುಂಬಾ ಇಷ್ಟ, ಯಾಕಂದ್ರೆ ಕಲ್ಲು ನಿಲ್ಸಿದೋನು ಅಲ್ಲಿ ಇರೋದೇ ಇಲ್ಲ. ರಾಮನವಮಿ ದಿನ ಪಾನಕ ಕೋಸಂಬರಿ ಕೊಡೋವಾಗ ಯಾವ ಬೀದಿಯೋನು ಅಂತ ಯಾರಾದ್ರೂ ಕೇಳ್ತಾರಾ? ಕುದೂರು ಹುಲಿಕಲ್ ರಸ್ತೇಲಿ ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಆಲದ ಸಸಿ ನೆಟ್ಟು ಬಿಂದಿಗೇಲಿ ನೀರು ಹೊತ್ತು ಬೆಳೆಸಿದ್ರಲ್ಲ, ಆ ನೆರಳಲ್ಲಿ ಹೋಗೋರಲ್ಲಿ ಅವ್ರಿಗೆ ಗುರುತಿದ್ದೋರು ಎಷ್ಟು ಜನ? 2019ರಲ್ಲಿ ಪದ್ಮಶ್ರೀ ಬಂತು, ಮರಗಳು ಅದಕ್ಕೂ ಎಷ್ಟೋ ವರ್ಷ ಮುಂಚಿನವು.

ನನ್ ಖುಷಿಗೆ ಮಾಡಿದ್ರೆ ಅದು ಸ್ವಾರ್ಥ ಅಲ್ವಾ? ಪುಣ್ಯಕ್ಕೋಸ್ಕರ ಮಾಡಿದಂಗೇ ಆಯ್ತಲ್ಲ?

ಆಗ್ಲಿ ಬಿಡಿ. ನೀರು ಕುಡಿದೋನ ಬಾಯಾರಿಕೆ ನಿಮ್ ಉದ್ದೇಶ ಕೇಳಿ ಇಂಗಲ್ಲ. ಕೊಟ್ಟು ಖುಷಿ ಪಡೋದು ಕಲಿತು ಬಂದಿದ್ದು ಅಂತಲೂ ಅನ್ಸಲ್ಲ, 2012ರಲ್ಲಿ ಎರಡು ವರ್ಷ ತುಂಬದ ಮಕ್ಕಳ ಮೇಲೆ ಮಾಡಿದ ಪ್ರಯೋಗದಲ್ಲಿ ಮಕ್ಕಳು ತಮಗೆ ತಿಂಡಿ ಸಿಕ್ಕಾಗ ಅರಳಿಸಿದ್ದಕ್ಕಿಂತ ಗೊಂಬೆಗೆ ತಿನ್ನಿಸೋವಾಗ ಜಾಸ್ತಿ ಮುಖ ಅರಳಿಸಿದ್ವು. ಸ್ವಾರ್ಥ ಯಾವಾಗ ತೊಂದ್ರೆ ಅಂದ್ರೆ ನಿಮ್ ಖುಷಿಗೋಸ್ಕರ ಅವ್ರಿಗೆ ಬೇಡದ್ದನ್ನ ತುರುಕೋವಾಗ. ಅನ್ನ ಚೆಲ್ಲಾಡೋ ಜಾಗದಲ್ಲೇ ಮತ್ತೆ ಅನ್ನದ ಪ್ಯಾಕೆಟ್ ತಂದು ಹಂಚಿ ಹೋಗ್ತಾರಲ್ಲ, ಹಾಗೆ.

ಸಹಾಯ ಮಾಡೋದನ್ನ ವಿಡಿಯೋ ಮಾಡಿ ಹಾಕಿದ್ರೆ ತಪ್ಪೇನು? ನಾಲ್ಕು ಜನಕ್ಕೆ ಸ್ಫೂರ್ತಿ ಅಲ್ವಾ?

ನಂಗೆ ಹಿಡಿಸಲ್ಲ. ಕಂಬಳಿ ತಗೊಳ್ಳೋ ತಾತನ ಮುಖ ಜೂಮ್ ಆಗ್ತಿದ್ದಂಗೆ ಅವ್ರು ಟವಲ್ಲಲ್ಲಿ ಮುಖ ಮುಚ್ಕೊಳ್ಳಕ್ಕೆ ನೋಡ್ತಾರೆ, ಗಮನಿಸಿ. ಇಲ್ಲ ಅನ್ನಕ್ಕೆ ಅವ್ರಿಗೆ ಬಾಯಿ ಬರಲ್ಲ, ಕಂಬಳಿ ಬೇಕಲ್ಲ. ಅಷ್ಟು ಹೇಳ್ಬೇಕು ಅನ್ಸಿದ್ರೆ ನಿಮಗೆ ಯಾರೋ ಮಾಡಿದ ಸಹಾಯದ ಬಗ್ಗೆ ಹೇಳಿ, ಕೇಳೋರಿಗೂ ಅದೇ ಚೆನ್ನ.

ದಿನಕ್ಕೊಂದು ಒಳ್ಳೆ ಕೆಲಸ ಅಂತ ಶುರು ಮಾಡ್ದೆ, ವಾರದಲ್ಲೇ ಹೋಮ್‌ವರ್ಕ್ ಥರ ಆಗೋಯ್ತು. ಯಾಕೆ?

ಲೆಕ್ಕ ಇಟ್ಟಿದ್ದಕ್ಕೇ. 2005ರಲ್ಲಿ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತೆ ಜೊತೆಯೋರು ಬರೆದ ಒಂದು ಅಧ್ಯಯನದಲ್ಲಿ ಸ್ಟೂಡೆಂಟ್ಸ್‌ಗೆ ಆರು ವಾರ, ವಾರಕ್ಕೆ ಐದು ಉಪಕಾರ ಮಾಡಿ ಅಂದಿದ್ರು. ಐದನ್ನೂ ಒಂದೇ ದಿನ ಮಾಡಿದೋರಿಗೆ ಖುಷಿ ಏರ್ತು, ವಾರ ಪೂರ್ತಿ ಹಂಚಿ ಮಾಡಿದೋರಿಗೆ ಅಷ್ಟೇನೂ ಏರ್ಲಿಲ್ಲ, ಚೂರುಚೂರಾಗಿ ಹಂಚಿದ್ರೆ ದಿನದ ಗಡಿಬಿಡೀಲಿ ಕಳೆದೇಹೋಗತ್ತೆ ಅನ್ಸತ್ತೆ. ಹಂಗಂತ ನೀವೂ ಶನಿವಾರ ಐದು ಅಂತ ಚೀಟಿ ಬರ್ಕೊಬೇಡಿ. ಕಣ್ಣಿಗೆ ಬಿದ್ದಾಗ ಮಾಡಿ, ಬೀಳದ ದಿನ ಸುಮ್ನಿರಿ. ಮನೇಲೇ ಅಮ್ಮನ ಆರೈಕೆ, ಆಫೀಸಿನ ಒತ್ತಡ ಅಂತ ಸುಸ್ತಾಗಿರೋರು ಇದನ್ನೂ ತಲೆ ಮೇಲೆ ಹೊತ್ಕೊಳ್ಳೋ ಅಗತ್ಯವೇ ಇಲ್ಲ.

ಇಷ್ಟು ಮಾಡಿದ್ರೂ ಒಂದು ಥ್ಯಾಂಕ್ಸ್ ಹೇಳಲ್ಲ ಜನ!

ನಮ್ ಕಡೆ ಹಳಬ್ರು ಬಾಯಿಬಿಟ್ಟು ಹೇಳೋದು ಕಮ್ಮಿ, ತಲೆ ಆಡಿಸ್ತಾರೆ, ಇಲ್ಲಾ "ಯಾವೂರಪ್ಪ ನಿಂದು?" ಅಂತ ಶುರು ಹಚ್ಕೋತಾರೆ. ಅದೇ ಅಂತ ತಿಳ್ಕೊಳಿ.

ಬೇರೆಯೋರಿಗೆ ಮಾಡ್ತೀನಿ, ಆದ್ರೆ ನಂಗೆ ಬೇಕಾದಾಗ ಕೇಳಕ್ಕೆ ನಾಚಿಕೆ. ಅವ್ರಿಗೆ ಯಾಕೆ ತೊಂದ್ರೆ ಅಂತ

ಅವ್ರಿಗೂ ಖುಷಿ ಆಗ್ಲಿ ಬಿಡಿ, ಪೂರ್ತಿ ನೀವೇ ಇಟ್ಕೊಂಡ್ರೆ ಹೆಂಗೆ? 2022ರಲ್ಲಿ ಶ್ವಾನ್ ಜಾವ್ ಮತ್ತೆ ಮೊದಲು ಹೇಳಿದ ಎಪ್ಲಿ ಇದನ್ನೂ ನೋಡಿದ್ರು, ಕೇಳೋರು ಅಂದ್ಕೊಳ್ಳೋದಕ್ಕಿಂತ ಜನ ಸಹಾಯ ಮಾಡಕ್ಕೆ ಜಾಸ್ತಿ ರೆಡಿ ಇರ್ತಾರೆ, ಮಾಡಿದ್ಮೇಲೆ ಜಾಸ್ತಿ ಖುಷಿಯಾಗಿರ್ತಾರೆ. ನಿಮ್ಹಾನ್ಸೋ ಕಿದ್ವಾಯಿಯೋ ಅಂತ ದೊಡ್ಡ ಆಸ್ಪತ್ರೆಗೆ ಬೆಳಗ್ಗೆ ಬಸ್ಸಿಳಿದು ಬಂದೋರನ್ನ ನೋಡಿ, ಫೈಲು ಹಿಡ್ಕೊಂಡು ಬೋರ್ಡುಗಳ ಕೆಳಗೆ ನಿಂತಿರ್ತಾರೆ, ಕೇಳಕ್ಕೆ ಹಿಂಜರಿಕೆ. "ಇದು ಯಾವ ಕೌಂಟರ್ರು ಸಾರ್?" ಅಂದ್ರೆ ಅಲ್ಲಿಗೆ ನಾಲ್ಕು ಸಲ ಬಂದುಹೋಗಿರೋ ಯಾರೋ ಒಬ್ರು ಕೈ ಹಿಡಿದು ಕರ್ಕೊಂಡೇ ಹೋಗ್ತಾರೆ. ಕೇಳಿ.

ಸಣ್ಣದು ಸಾಕಾಗ್ತಿಲ್ಲ. ಮುಂದಿನ ಹೆಜ್ಜೆ ಏನು?

ರಕ್ತ ಕೊಡಿ. ಯಾರಿಗೆ ಹೋಗತ್ತೆ ಅಂತ ನಿಮಗೆ ಗೊತ್ತಾಗಲ್ಲ, ಯಾರದ್ದು ಅಂತ ಅವ್ರಿಗೆ ಗೊತ್ತಾಗಲ್ಲ. 18ರಿಂದ 65 ವರ್ಷ, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರ್ಬೇಕು, ಒಂದ್ಸಲಕ್ಕೆ 350 ಅಥವಾ 450 ಮಿಲಿ ತಗೋತಾರೆ, ಗಂಡಸ್ರು 90 ದಿನಕ್ಕೊಮ್ಮೆ, ಹೆಂಗಸ್ರು 120 ದಿನಕ್ಕೊಮ್ಮೆ ಕೊಡ್ಬೋದು. ಸೂಜಿ ಚುಚ್ಚೋದು ಹತ್ತು ಹದಿನೈದು ನಿಮಿಷದ ಮಾತು, ಫಾರಂ ತುಂಬೋದು ಟೆಸ್ಟು ಎಲ್ಲ ಸೇರಿ ಒಂದು ಗಂಟೆ ಇಟ್ಕೊಳಿ. ಯಾರಾದ್ರೂ ಕೇಳಿ ಅರ್ಜೆಂಟಾದಾಗ ಹೋಗೋದಕ್ಕಿಂತ ಏನೂ ಅರ್ಜೆಂಟಿಲ್ಲದ ದಿನ ಸುಮ್ನೆ ಹೋಗಿ ಕೊಟ್ಟು ಬರೋದು ಬ್ಲಡ್ ಬ್ಯಾಂಕಿಗೆ ಜಾಸ್ತಿ ಉಪಯೋಗ, ಅದ್ರಲ್ಲೂ ಕಾಲೇಜಿಗೆ ರಜ ಇರೋ ಏಪ್ರಿಲ್ ಮೇನಲ್ಲಿ, ಆವಾಗ ಕ್ಯಾಂಪುಗಳೇ ಕಮ್ಮಿ. ಖಾಲಿ ಹೊಟ್ಟೇಲಿ ಹೋಗ್ಬೇಡಿ, ತಿಂಡಿ ತಿಂದು ನೀರು ಚೆನ್ನಾಗಿ ಕುಡ್ದು ಹೋಗಿ, ಕೊಟ್ಟಾದ್ಮೇಲೆ ಬಿಸ್ಕೆಟು ಜ್ಯೂಸು ಕೊಡ್ತಾರೆ, ನಾಚ್ಕೊಳ್ದೆ ತಗೊಳಿ.